‘ಮಲಗಿರಲಿ ಬಿಡು’ ಅನ್ನಬೇಡಿ

ದೇವರಿಗೆ ಸ್ತೋತ್ರ. ಎಲ್ಲರೂ ಕೂತ್ಕೊಳ್ಳಿ. ಬಾಗಿಲ ಹತ್ತಿರ ನಿಂತಿರೋ ತಮ್ಮಂದಿರೇ, ಮುಂದೆ ಎರಡು ಸಾಲು ಖಾಲಿ ಇದೆ, ಬನ್ನಿ. ಕಿಟಕಿ ಹತ್ತಿರ ಮಾತ್ರ ಯಾರೂ ಕೂತ್ಕೋಬೇಡಿ. ಯಾಕೆ ಅಂತ ಈಗ ಗೊತ್ತಾಗುತ್ತೆ.

ಸತ್ಯವೇದ ತೆರೆಯಿರಿ. ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ, 7ರಿಂದ 12ನೇ ವಚನದವರೆಗೆ. ಸಹೋದರಿ ಈಗಷ್ಟೇ ಓದಿದರು, ನಾನು ನನ್ನ ಮಾತಿನಲ್ಲಿ ಇನ್ನೊಂದು ಸಲ ಹೇಳ್ತೀನಿ. ಊರು ತ್ರೋವ. ವಾರದ ಮೊದಲನೆಯ ದಿನ. ರೊಟ್ಟಿ ಮುರಿಯೋದಕ್ಕೆ ಸಭೆ ಸೇರಿದೆ. ಮರುದಿನ ಪೌಲ ಊರು ಬಿಟ್ಟು ಹೊರಡಬೇಕು, ಹಾಗಾಗಿ ಮಧ್ಯರಾತ್ರಿಯಾದರೂ ಮಾತು ಮುಗಿದಿಲ್ಲ. ಮೇಲಂತಸ್ತಿನ ಕೋಣೆ, ತುಂಬಾ ದೀಪಗಳು. ಯೂತಿಖ ಅನ್ನೋ ಯೌವನಸ್ಥ ಕಿಟಕಿಯಲ್ಲಿ ಕೂತಿದ್ದಾನೆ. ನಿದ್ದೆ ತಡೆಯೋಕೆ ಆಗಲಿಲ್ಲ. ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದುಬಿಟ್ಟ. ಎತ್ತಿ ನೋಡಿದರೆ ಸತ್ತಿದ್ದಾನೆ. ಆಗ ಪೌಲ ಇಳಿದು ಬಂದ, ಅವನ ಮೇಲೆ ಬಗ್ಗಿ ತಬ್ಬಿಕೊಂಡ, ಇನ್ನೂ ಜೀವ ಇದೆ ಗಾಬರಿಯಾಗಬೇಡಿ ಅಂದ. ಕೊನೆಗೆ ಆ ಹುಡುಗನನ್ನ ಜೀವಂತವಾಗಿ ಮನೆಗೆ ಕರಕೊಂಡು ಹೋದರು.

ಈ ಭಾಗವನ್ನ ನಾವು ಪಾಸ್ಟರ್‌ಗಳು ಸಾಮಾನ್ಯವಾಗಿ ಒಂದೇ ವಿಷಯಕ್ಕೆ ಬಳಸ್ತೀವಿ. ಪ್ರಸಂಗದಲ್ಲಿ ನಿದ್ದೆ ಮಾಡಿದರೆ ಏನಾಗುತ್ತೆ ನೋಡಿ ಅಂತ! ನಗ್ತಿದ್ದೀರ, ನಾನೂ ಹಾಗೆ ಪ್ರಸಂಗ ಮಾಡಿದ್ದೀನಿ. ಆದರೆ ಇವತ್ತು ನಾವು ಯೂತಿಖನನ್ನ ಬೈಯೋದು ಬೇಡ. ಇವತ್ತು ಪೌಲನ ಕಾಲುಗಳನ್ನ ನೋಡೋಣ. ಪ್ರಸಂಗ ಅರ್ಧದಲ್ಲಿದೆ, ಮಧ್ಯರಾತ್ರಿ, ಮೂರು ಅಂತಸ್ತು. ಆ ಮನುಷ್ಯ ಇಳಿದು ಬಂದ.

ಇನ್ನೊಂದು ವಿಷಯ ಗಮನಿಸಿ. ಈ ಪುಸ್ತಕ ಬರೆದವನು ಲೂಕ. ಈ ಭಾಗದಲ್ಲಿ ಅವನು ಬರೆಯುವಾಗ ‘ನಾವು’ ಅಂತ ಬರೀತಾನೆ. ಅಂದರೆ ಅವತ್ತು ಆ ಕೋಣೆಯಲ್ಲಿ ಅವನೂ ಇದ್ದ. ಕೊಲೊಸ್ಸೆ 4:14 ನೋಡಿದರೆ ಈ ಲೂಕ ವೈದ್ಯ. ಒಂದೇ ಕೋಣೆಯಲ್ಲಿ ಅಪೊಸ್ತಲನೂ ಇದ್ದ, ವೈದ್ಯನೂ ಇದ್ದ. ಇದನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಇವತ್ತಿನ ವಿಷಯ ನಿದ್ದೆ ಮಾತ್ರೆ ಮತ್ತು ಮದ್ಯ. ಎರಡೂ ಒಂದೇ ರಾತ್ರಿ ಒಂದೇ ದೇಹದೊಳಗೆ ಹೋದರೆ ಏನಾಗುತ್ತೆ ಅಂತ. ಪಾಸ್ಟರ್, ಇದು ಸಭೆಯಲ್ಲಿ ಮಾತಾಡೋ ವಿಷಯಾನಾ ಅಂತ ಕೆಲವರ ಮುಖದಲ್ಲಿ ಕಾಣ್ತಿದೆ. ನಮ್ಮ ಸಭೆಯಲ್ಲಿ ಕುಡಿಯೋರು ಯಾರಿದ್ದಾರೆ? ನಮ್ಮ ಸಭೆಯಲ್ಲಿ ಆ ಮಾತ್ರೆ ತಗೊಳ್ಳೋರು ಯಾರಿದ್ದಾರೆ? ಪ್ರಿಯರೇ, ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದು ರಾತ್ರಿಯವರೆಗೆ.

ಆ ರಾತ್ರಿಯ ವಿಷಯವನ್ನ ಇವತ್ತು ನಾನು ನಿಮ್ಮ ಮುಂದೆ ಹೇಳಬೇಕು. ಅದು ನನ್ನ ಅರಿಕೆ. ಆ ತಮ್ಮನ ಅನುಮತಿ ತಗೊಂಡೇ ಹೇಳ್ತಿದ್ದೀನಿ. ಹೆಸರು ಹೇಳಲ್ಲ, ನೀವು ಹಿಂದೆ ತಿರುಗಿ ಹುಡುಕಬೇಡಿ.

ನಮ್ಮ ಒಬ್ಬ ತಮ್ಮ. ಪಿಜಿಯಲ್ಲಿ ಇದ್ದ, ನೈಟ್ ಶಿಫ್ಟ್ ಕೆಲಸ. ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಮೈಕ್ ಕನೆಕ್ಟ್ ಮಾಡ್ತಿದ್ದ. ತಂದೆ ತೀರಿಹೋದ ಮೇಲೆ ಅವನಿಗೆ ನಿದ್ದೆ ಬರ್ತಿರಲಿಲ್ಲ. ಎದೆ ಡವಡವ ಅನ್ನೋದು, ಕೈ ನಡುಗೋದು. ಡಾಕ್ಟರ್ ಹತ್ತಿರ ಹೋದ. ಅವರು ಸ್ವಲ್ಪ ದಿನಕ್ಕೆ ಅಂತ ಅಲ್ಪ್ರಜೋಲಾಮ್ ಬರೆದುಕೊಟ್ಟರು, ಕುಡೀಬೇಡ ಅಂತಲೂ ಹೇಳಿದರು. ಅಲ್ಲಿಯವರೆಗೆ ಎಲ್ಲ ಸರಿಯಾಗೇ ಇತ್ತು.

ಅದೇ ವಾರ ಉಪವಾಸ ಪ್ರಾರ್ಥನೆಯಲ್ಲಿ ನಾನು ಕೀರ್ತನೆ 127ರ ಮೇಲೆ ಮಾತಾಡಿದೆ. ಕರ್ತನು ತನ್ನ ಪ್ರಿಯರಿಗೆ ನಿದ್ದೆಯನ್ನ ಅನುಗ್ರಹಿಸ್ತಾನೆ ಅನ್ನೋ ಅರ್ಥದ ವಚನ ಇದೆಯಲ್ಲ, ಅದು. ಅದರ ಮೇಲೆ ನಿಂತುಕೊಂಡು ನಾನು ಕೇಳಿದೆ, ‘ಹಾಗಾದ್ರೆ ದೇವರ ಮಗುವಿಗೆ ನಿದ್ದೆ ಮಾತ್ರೆ ಯಾಕೆ?’ ಎಲ್ಲರೂ ಜೋರಾಗಿ ಆಮೆನ್ ಅಂದರು. ನನಗೆ ಖುಷಿಯಾಯ್ತು. ಆ ತಮ್ಮ ಸೌಂಡ್ ಬೋರ್ಡ್ ಹಿಂದೆ ಕೂತಿದ್ದ. ಅವನೂ ಆಮೆನ್ ಅಂದನಂತೆ. ಆಮೇಲೆ ಆ ವಿಷಯ ಯಾರಿಗೂ ಹೇಳಲಿಲ್ಲ.

ಕೆಲವು ತಿಂಗಳು ಕಳೀತು. ಆಫೀಸಿನಲ್ಲಿ ಟೀಮ್ ಪಾರ್ಟಿ. ಅವನು ಕುಡಿದ. ಅದೂ ಯಾರಿಗೂ ಗೊತ್ತಿಲ್ಲದ ವಿಷಯ. ರೂಮಿಗೆ ಬಂದು, ಅಭ್ಯಾಸದಂತೆ ಮಾತ್ರೆ ನುಂಗಿದ. ಕುಡಿದಾಗ ನೆನಪು ನಿಲ್ಲಲ್ಲ, ಈ ಮಾತ್ರೆ ತಗೊಂಡಾಗಲೂ ನೆನಪು ನಿಲ್ಲಲ್ಲ. ಮಾತ್ರೆ ತಗೊಂಡೆನೋ ಇಲ್ಲವೋ ಅಂತ ಅವನಿಗೆ ಮರೆತುಹೋಗಿ ಮತ್ತೆ ನುಂಗಿದ್ದಾನೆ. ಎಷ್ಟು ಸಲ ಅಂತ ಇವತ್ತಿಗೂ ಅವನಿಗೆ ಗೊತ್ತಿಲ್ಲ. ಸಾಯಬೇಕು ಅಂತ ಅವನು ಮಾಡಿದ್ದಲ್ಲ, ಪ್ರಿಯರೇ. ಮಲಗಬೇಕು ಅಂತ ಮಾಡಿದ್ದು.

ರಾತ್ರಿ 12:40ಕ್ಕೆ ಅವನ ರೂಮ್‌ಮೇಟ್, ಅವನೂ ನಮ್ಮ ಸಭೆಯ ಹುಡುಗ, ನನಗೆ ಮೆಸೇಜ್ ಮಾಡಿದ. ‘ಪಾಸ್ಟರ್, ಇವನು ಕುಡಿದು ಬಂದಿದ್ದಾನೆ. ಕರೆದ್ರೂ ಏಳ್ತಿಲ್ಲ. ಜೋರಾಗಿ ಗೊರಕೆ ಹೊಡೀತಿದ್ದಾನೆ. ಏನ್ ಮಾಡ್ಲಿ?’

ನಾನು ಎದ್ದಿದ್ದೆ. ಮೆಸೇಜ್ ನೋಡಿದೆ. ಉತ್ತರ ಬರೆದೆ. ‘ಮಲಗಿರಲಿ ಬಿಡು. ಬೆಳಗ್ಗೆ ಮಾತಾಡೋಣ.’

ಅಷ್ಟೇ. ಫೋನ್ ಕವುಚಿ ಇಟ್ಟು ಮಲಗಿದೆ. ಬೆಳಗ್ಗೆ ಅವನಿಗೆ ಏನೇನು ಹೇಳಬೇಕು, ಯಾವ ವಚನ ತೋರಿಸಬೇಕು ಅಂತ ಯೋಚನೆ ಮಾಡ್ತಾ ಮಲಗಿದೆ. ನನಗೆ ಚೆನ್ನಾಗಿ ನಿದ್ದೆ ಬಂತು.

ಆ ರೂಮ್‌ಮೇಟ್ ತಮ್ಮನಿಗೆ ಯಾಕೋ ಸಮಾಧಾನ ಆಗಲಿಲ್ಲ. ಪಾಸ್ಟರ್ ಹೇಳಿದ್ದಾರೆ ಅಂತ ಲೈಟ್ ಆಫ್ ಮಾಡಬಹುದಿತ್ತು. ಅವನು ಮಾಡಲಿಲ್ಲ, ಮಂಚದ ಪಕ್ಕ ನೆಲದ ಮೇಲೆ ಕೂತ. ಅದು ಪವಿತ್ರಾತ್ಮನ ಪ್ರೇರಣೆ ಅಂತ ನಾನು ನಂಬ್ತೀನಿ. ಸ್ವಲ್ಪ ಹೊತ್ತಿನ ಮೇಲೆ ಗೊರಕೆ ಮಧ್ಯೆ ಮಧ್ಯೆ ನಿಲ್ಲೋಕೆ ಶುರುವಾಯ್ತು. ಒಂದು ಉಸಿರು, ಆಮೇಲೆ ಏನೂ ಇಲ್ಲ, ಆಮೇಲೆ ಇನ್ನೊಂದು ಉಸಿರು. ತುಟಿ ನೀಲಿಯಾಗಿತ್ತು. ಬಾಯಲ್ಲಿ ವಾಂತಿ. ಅವನು ಕೂಗಿಕೊಂಡ, ಪಕ್ಕದ ರೂಮಿನವರು ಓಡಿ ಬಂದರು, ಎಲ್ಲರೂ ಸೇರಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಏನು ತಗೊಂಡಿದ್ದಾನೆ? ಕುಡಿದಿದ್ದಾನೆ ಅನ್ನೋದು ಬಿಟ್ಟು ಯಾರಿಗೂ ಏನೂ ಗೊತ್ತಿಲ್ಲ. ಅಷ್ಟೊತ್ತಿಗೆ ನನಗೆ ಫೋನ್ ಬಂದಿತ್ತು. ನಾನು ಪಿಜಿಗೆ ಹೋಗಿ ಅವನ ಸಾಮಾನು ಹುಡುಕಿದೆ. ಕಪಾಟು, ಬ್ಯಾಗ್, ದಿಂಬಿನ ಕೆಳಗೆ. ಎಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಅವನ ಸತ್ಯವೇದದ ಕವರಿನೊಳಗೆ. ಜಿಪ್ ಹಾಕೋ ಕವರ್ ಇರುತ್ತಲ್ಲ, ಅದರ ಒಳಜೇಬಿನಲ್ಲಿ ಮಾತ್ರೆ ಸ್ಟ್ರಿಪ್, ಜೊತೆಗೆ ಮಡಚಿಟ್ಟ ಡಾಕ್ಟರ್ ಚೀಟಿ.

ಆ ಚೀಟಿ ಕೈಯಲ್ಲಿ ಹಿಡಿದು ನಾನು ಆ ಮಂಚದ ಮೇಲೆ ಕೂತೆ. ಇವನು ಇದನ್ನ ಯಾರಿಂದ ಬಚ್ಚಿಟ್ಟ? ಲೋಕದಿಂದ ಅಲ್ಲ. ಪಿಜಿ ಓನರ್‌ನಿಂದ ಅಲ್ಲ. ನನ್ನಿಂದ.

ಮೂರು ದಿನ ವೆಂಟಿಲೇಟರ್. ವಾಂತಿ ಶ್ವಾಸಕೋಶಕ್ಕೆ ಇಳಿದಿತ್ತು. ಅವನ ತಾಯಿ ಊರಿಂದ ರಾತ್ರಿ ಬಸ್ಸಿಗೆ ಬಂದರು. ನಾಲ್ಕನೇ ದಿನ ಅವನು ಕಣ್ಣು ಬಿಟ್ಟ. ಗಂಟಲಲ್ಲಿ ಸ್ವರ ಇರಲಿಲ್ಲ. ನನ್ನನ್ನ ನೋಡಿ ಹೇಳಿದ ಮೊದಲ ಮಾತು, ‘ಸಾರಿ ಪಾಸ್ಟರ್.’ ಆ ಮಾತು ನಾನು ಹೇಳಬೇಕಾಗಿತ್ತು. ಅವತ್ತು ಹೇಳಿದೆ. ಇವತ್ತು ನಿಮ್ಮೆಲ್ಲರ ಮುಂದೆಯೂ ಹೇಳ್ತಿದ್ದೀನಿ. ಆ ಉಪವಾಸ ಪ್ರಾರ್ಥನೆಯಲ್ಲಿ ನಾನು ಹೇಳಿದ್ದು ತಪ್ಪು. ನನ್ನನ್ನ ಕ್ಷಮಿಸಿ.

ಅದಾದ ಮೇಲೆ ನಾನು ಓದೋಕೆ ಶುರುಮಾಡಿದೆ. ನಾನು ವೈದ್ಯನಲ್ಲ. ಬೈಬಲ್ ಕಾಲೇಜಿನ ಡಿಪ್ಲೊಮಾ, ವಾರವಿಡೀ ಆಫೀಸ್ ಕೆಲಸ, ಅಷ್ಟೇ ನಾನು. ನಮ್ಮ ಸಭೆಯ ನರ್ಸ್ ಅಕ್ಕ ನನ್ನ ಈ ನೋಟ್ಸ್ ಓದಿ ತಿದ್ದಿಕೊಟ್ಟಿದ್ದಾರೆ. ಅರ್ಥ ಆಗೋ ಹಾಗೆ ಹೇಳ್ತೀನಿ.

ನಮ್ಮ ಮೆದುಳಿನಲ್ಲಿ ‘ಗಾಬಾ’ ಅನ್ನೋ ಒಂದು ರಾಸಾಯನಿಕ ಇದೆ. ಅದು ಬ್ರೇಕ್ ಇದ್ದ ಹಾಗೆ, ನರಗಳ ಓಟವನ್ನ ನಿಧಾನ ಮಾಡುತ್ತೆ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್, ಡಯಾಜೆಪಾಮ್, ಲೊರಾಜೆಪಾಮ್, ಜೋಲ್ಪಿಡೆಮ್ ಈ ಮಾತ್ರೆಗಳೆಲ್ಲ ಆ ಬ್ರೇಕನ್ನ ಬಲ ಮಾಡ್ತವೆ. ಅದಕ್ಕೇ ಆತಂಕ ಇಳಿಯುತ್ತೆ, ನಿದ್ದೆ ಬರುತ್ತೆ. ಮದ್ಯವೂ ಬೇರೆ ಜಾಗದಿಂದ ಅದೇ ಬ್ರೇಕನ್ನ ಒತ್ತುತ್ತೆ, ಜೊತೆಗೆ ಆಕ್ಸಿಲರೇಟರನ್ನೂ ಕಡಿಮೆ ಮಾಡುತ್ತೆ. ಮಳೆ ಬಂದ ರಸ್ತೆಯಲ್ಲಿ ಸ್ಕೂಟರ್ ಓಡಿಸ್ತಾ ಮುಂದಿನ ಬ್ರೇಕ್, ಹಿಂದಿನ ಬ್ರೇಕ್ ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಒತ್ತಿದರೆ ಏನಾಗುತ್ತೆ? ಬೆಂಗಳೂರಿನವರಿಗೆ ನಾನು ಹೇಳಬೇಕಾ?

ಉಸಿರಾಟವನ್ನ ನಡೆಸೋ ಭಾಗ ಇರೋದು ಮೆದುಳಿನ ಬುಡದಲ್ಲಿ. ನಾವು ನಿದ್ದೆ ಮಾಡಿದರೂ ಅದು ಎದ್ದಿರಬೇಕು. ಈ ಎರಡು ಬ್ರೇಕ್ ಸೇರಿದಾಗ ಅದೂ ತೂಕಡಿಸೋಕೆ ಶುರುಮಾಡುತ್ತೆ. ಉಸಿರು ನಿಧಾನ ಆಗುತ್ತೆ. ಗಂಟಲಿನ ಸ್ನಾಯು ಸಡಿಲ ಆಗಿ ನಾಲಿಗೆ ಹಿಂದಕ್ಕೆ ಬೀಳುತ್ತೆ. ನಾವು ಗೊರಕೆ ಅಂತ ನಗ್ತೀವಲ್ಲ, ಆ ಶಬ್ದ ಕೆಲವು ಸಲ ಗಾಳಿಯ ದಾರಿ ಮುಚ್ಚಿಕೊಳ್ತಿರೋ ಶಬ್ದ. ವಾಂತಿ ಬಂದರೆ ಕೆಮ್ಮಿ ಹೊರಗೆ ಹಾಕೋ ಶಕ್ತಿಯೂ ಇರಲ್ಲ.

‘ನನ್ನ ಲಿಮಿಟ್ ನನಗೆ ಗೊತ್ತು’ ಅಂತ ಹೇಳ್ತೀರ. ಕುಡಿತದ ಲಿಮಿಟ್ ಬೇರೆ, ಮಾತ್ರೆಯ ಡೋಸ್ ಬೇರೆ. ಎರಡೂ ಸೇರಿದಾಗ ಒಂದು ಮತ್ತು ಒಂದು ಎರಡು ಆಗಲ್ಲ, ಅದಕ್ಕಿಂತ ಜಾಸ್ತಿ ಆಗುತ್ತೆ. ಒಂದು ದಿನ ಏನೂ ಆಗಿಲ್ಲ ಅಂತ ಇನ್ನೊಂದು ದಿನವೂ ಆಗಲ್ಲ ಅಂತಿಲ್ಲ. ಹೊಟ್ಟೆಗೆ ಏನು ತಿಂದಿದ್ದೀರಿ, ಎಷ್ಟು ದಣಿದಿದ್ದೀರಿ, ಬೇರೆ ಯಾವ ಮಾತ್ರೆ ಜೊತೆಗಿದೆ, ಎಲ್ಲವೂ ಲೆಕ್ಕಕ್ಕೆ ಬರುತ್ತೆ.

‘ನಿನ್ನೆ ರಾತ್ರಿ ತಗೊಂಡ ಮಾತ್ರೆ, ಇವತ್ತು ಸಂಜೆ ಕುಡಿದರೆ ಏನು’ ಅಂತ ಇನ್ನು ಕೆಲವರು. ಅಲ್ಪ್ರಜೋಲಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 11 ಗಂಟೆ ಬೇಕು. ಕ್ಲೋನಜೆಪಾಮ್‌ಗೆ 30ರಿಂದ 40 ಗಂಟೆ. ಅದು ಅರ್ಧ ಆಗೋಕೆ, ಪೂರ್ತಿ ಹೋಗೋಕಲ್ಲ. ಗುರುವಾರ ರಾತ್ರಿಯ ಮಾತ್ರೆ ಶನಿವಾರದ ಪಾರ್ಟಿಯಲ್ಲೂ ನಿಮ್ಮ ಜೊತೆ ಕೂತಿರುತ್ತೆ. ಕೋಡೀನ್ ಇರೋ ಕೆಮ್ಮಿನ ಸಿರಪ್, ಟ್ರಾಮಡಾಲ್ ಅನ್ನೋ ನೋವಿನ ಮಾತ್ರೆ, ಇವುಗಳ ಜೊತೆ ಮದ್ಯ ಸೇರಿದರೂ ಇದೇ ಅಪಾಯ. ಶೀತಕ್ಕೆ ತಗೊಳ್ಳೋ, ನಿದ್ದೆ ಬರಿಸೋ ಅಲರ್ಜಿ ಮಾತ್ರೆಯೂ ಮದ್ಯದ ಜೊತೆ ಮಂಪರನ್ನ ಹೆಚ್ಚು ಮಾಡುತ್ತೆ.

ಇದು ಹೊಸ ವಿಷಯ ಅಲ್ಲ. ಓದ್ತಾ ಓದ್ತಾ ನನಗೆ ಅಮೆರಿಕದ ಒಬ್ಬ ಹುಡುಗಿಯ ವಿಷಯ ಸಿಕ್ಕಿತು. ಕ್ಯಾರೆನ್ ಆನ್ ಕ್ವಿನ್ಲನ್. ನ್ಯೂಜೆರ್ಸಿಯವಳು. 1975ರ ಏಪ್ರಿಲ್, ಅವಳಿಗೆ 21 ವರ್ಷ. ತೂಕ ಇಳಿಸಬೇಕು ಅಂತ ಸರಿಯಾಗಿ ಊಟ ಮಾಡ್ತಿರಲಿಲ್ಲ. ಸ್ನೇಹಿತರ ಪಾರ್ಟಿಯಲ್ಲಿ ಸ್ವಲ್ಪ ಕುಡಿದಳು. ಅವಳ ದೇಹದಲ್ಲಿ ಡಯಾಜೆಪಾಮ್ ಕೂಡ ಇತ್ತು, ವ್ಯಾಲಿಯಂ ಅಂತ ಹೆಸರು ಕೇಳಿರಬಹುದು. ತಲೆ ಸುತ್ತಿತು. ಸ್ನೇಹಿತರು ಮನೆಗೆ ಕರೆದುಕೊಂಡು ಬಂದು ಹಾಸಿಗೆಯಲ್ಲಿ ಮಲಗಿಸಿದರು. ಸ್ವಲ್ಪ ಹೊತ್ತು ಬಿಟ್ಟು ಹೋಗಿ ನೋಡಿದಾಗ ಉಸಿರು ಇರಲಿಲ್ಲ.

ಜೀವ ಉಳಿಯಿತು, ಆದರೆ ಅವಳು ಮತ್ತೆ ಎಚ್ಚರ ಆಗಲಿಲ್ಲ. ತಂದೆತಾಯಿ ಭಕ್ತಿಯುಳ್ಳ ಕ್ಯಾಥೊಲಿಕರು. ಮಗಳನ್ನ ಉಸಿರಾಟದ ಯಂತ್ರದಿಂದ ಬಿಡಿಸಿ ಅಂತ ಕೇಳೋಕೆ ಅವರು ಕೋರ್ಟಿಗೆ ಹೋಗಬೇಕಾಯ್ತು. 1976ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಒಪ್ಪಿತು. ಯಂತ್ರ ತೆಗೆದರು, ಅವಳು ತಾನಾಗಿಯೇ ಉಸಿರಾಡಿದಳು. ಹಾಗೇ ಎಚ್ಚರವಿಲ್ಲದೆ ಒಂಬತ್ತು ವರ್ಷ. 1985ರ ಜೂನ್‌ನಲ್ಲಿ ತೀರಿಕೊಂಡಳು. ಕಾನೂನು ಓದೋರು ಅವಳ ಹೆಸರನ್ನ ಆ ತೀರ್ಪಿಗೋಸ್ಕರ ಓದ್ತಾರೆ. ನನ್ನ ಮನಸ್ಸು ಮಾತ್ರ ಆ ಹಾಸಿಗೆಯ ಹತ್ತಿರವೇ ನಿಂತುಬಿಡುತ್ತೆ. ಅವಳ ಸ್ನೇಹಿತರು ಕೆಟ್ಟವರಲ್ಲ. ಅವಳನ್ನ ಬಿಟ್ಟು ಓಡಿಹೋಗಲಿಲ್ಲ. ಜಾಗ್ರತೆಯಾಗಿ ಕರೆದುಕೊಂಡು ಬಂದು ಮಲಗಿಸಿದರು. ಒಳ್ಳೆಯ ಸ್ನೇಹಿತರು ಮಾಡೋದನ್ನೇ ಮಾಡಿದರು. ಹೋಗಿ ನೋಡಿದ್ದಕ್ಕೇ ಅವಳ ಪ್ರಾಣ ಉಳಿಯಿತು, ಆದರೆ ಮೆದುಳಿಗೆ ಆಗಲೇ ತಡ ಆಗಿತ್ತು. ಉಸಿರು ನಿಂತರೆ ಮೆದುಳಿಗೆ ಹಾನಿಯಾಗೋಕೆ ನಾಲ್ಕೈದು ನಿಮಿಷ ಸಾಕು.

ಅದಕ್ಕೇ ಪೌಲನ ಕಾಲುಗಳನ್ನ ನೋಡಿ ಅಂದೆ. ಪೌಲ ಮೇಲಿಂದಲೇ ಕಿಟಕಿಯಲ್ಲಿ ಬಗ್ಗಿ ಪ್ರಾರ್ಥನೆ ಮಾಡಬಹುದಿತ್ತು. ಮೊದಲು ಪ್ರಸಂಗ ಮುಗಿಸ್ತೀನಿ ಅನ್ನಬಹುದಿತ್ತು. ಸಭೆಯಲ್ಲಿ ನಿದ್ದೆ ಮಾಡಿದ್ದಕ್ಕೆ ದೇವರು ಕೊಟ್ಟ ಪಾಠ ಅನ್ನಬಹುದಿತ್ತು. ಯಾಕೆ ಬಿದ್ದ ಅಂತ ಒಂದು ಪ್ರಶ್ನೆಯನ್ನೂ ಕೇಳದೆ ಇಳಿದು ಬಂದ. ನಾನು ಮೆಸೇಜ್ ಮಾಡಿದೆ, ಪೌಲ ಮೆಟ್ಟಿಲು ಇಳಿದ. ಪಕ್ಕದವರ ಕಡೆ ತಿರುಗಿ ಹೇಳಿ, ‘ನೀನು ಬಿದ್ದರೆ ನಾನು ಇಳಿದು ಬರ್ತೀನಿ.’ ಹೇಳಿದ್ರಾ? ಹಲ್ಲೆಲೂಯಾ.

ಈಗ ಆ ಪ್ರಶ್ನೆಗೆ ಬರೋಣ. ಮಾತ್ರೆ ತಗೊಳ್ಳೋದು ಅವಿಶ್ವಾಸವಾ?

1 ಅರಸುಗಳು 19ನೇ ಅಧ್ಯಾಯ. ಎಲೀಯ. ಹಿಂದಿನ ಅಧ್ಯಾಯದಲ್ಲಿ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ ಇಲ್ಲಿ ಗಿಡದ ಕೆಳಗೆ ಬಿದ್ದುಕೊಂಡು ನನ್ನ ಪ್ರಾಣ ತೆಗೆದುಬಿಡು ಕರ್ತನೇ ಅಂತ ಬೇಡ್ಕೊಳ್ತಿದ್ದಾನೆ. ದೇವರು ಏನು ಮಾಡಿದರು? ದೂತನನ್ನ ಕಳಿಸಿ ಬೈದ್ರಾ? ಅವನನ್ನ ಮಲಗೋಕೆ ಬಿಟ್ಟರು. ಆಮೇಲೆ ಮುಟ್ಟಿ ಎಬ್ಬಿಸಿದರು, ರೊಟ್ಟಿ ಕೊಟ್ಟರು, ನೀರು ಕೊಟ್ಟರು. ಮತ್ತೆ ಮಲಗಿದ. ಮತ್ತೆ ಮುಟ್ಟಿ ಎಬ್ಬಿಸಿದರು. ಅವನ ಹತ್ತಿರ ಮಾತಾಡಿದ್ದು ಅದೆಲ್ಲ ಆದಮೇಲೆ, ಹೋರೇಬಿನಲ್ಲಿ. ದೇವರು ದೇಹವನ್ನ ಮೊದಲು ನೋಡಿಕೊಂಡರು. ಮತ್ತೊಂದು ಗಮನಿಸಿ, ಮಲಗಿರಲಿ ಅಂತ ಬಿಟ್ಟುಹೋಗಲಿಲ್ಲ. ಎರಡು ಸಲ ಬಂದು ಮುಟ್ಟಿ ನೋಡಿದರು.

ಡಾಕ್ಟರ್ ಕೊಟ್ಟ ಮಾತ್ರೆ ಪಾಪ ಅಲ್ಲ. ಬಿಪಿ ಮಾತ್ರೆ ತಗೊಳ್ಳೋ ತಾತನಿಗೆ ನಾವು ಅವಿಶ್ವಾಸಿ ಅನ್ನಲ್ಲ. ಆತಂಕಕ್ಕೆ ಮಾತ್ರೆ ತಗೊಳ್ಳೋ ತಂಗಿಗೂ ಅನ್ನೋ ಹಕ್ಕು ನಮಗಿಲ್ಲ.

ಮದ್ಯದ ವಿಷಯ? ನನ್ನ ನಿಲುವು ನಿಮಗೆ ಗೊತ್ತು. ಎಫೆಸ 5:18 ಏನು ಹೇಳುತ್ತೋ ಅದೇ. ನಾನು ಕುಡಿಯಲ್ಲ, ನೀವೂ ಕುಡಿಯೋದು ಬೇಡ ಅಂತಲೇ ಬೋಧಿಸ್ತೀನಿ. ಪೌಲ ತಿಮೊಥೆಯನಿಗೆ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂದಿದ್ದಾನಲ್ಲ ಅಂತ ಕೆಲವರು ನನ್ನ ಹತ್ತಿರ ಬಂದು ವಾದ ಮಾಡ್ತೀರ. ತಿಮೊಥೆಯ ಕ್ಲೋನಜೆಪಾಮ್ ತಗೊಳ್ತಿರಲಿಲ್ಲ, ತಮ್ಮ! ಆದರೆ ಇಲ್ಲಿ ಯಾರೂ ಕುಡಿಯಲ್ಲ ಅಂತ ನಾನು ಇನ್ನು ಮೇಲೆ ನಟಿಸಲ್ಲ. ಕುಡಿಯೋರು ಇದ್ದೀರ. ನಿಮಗೆ ಹೇಳ್ತೀನಿ, ನೀವು ಈ ಅಭ್ಯಾಸದಿಂದ ಬಿಡುಗಡೆ ಆಗೋವರೆಗೆ ನೀವು ಬದುಕಿರಬೇಕು. ಬಿಡುಗಡೆಗೋಸ್ಕರ ಪ್ರಾರ್ಥನೆ ಮಾಡೋಣ. ಅಷ್ಟರವರೆಗೆ, ಮಾತ್ರೆ ಇರೋ ದೇಹಕ್ಕೆ ಒಂದು ಪೆಗ್ ಕೂಡ ಬೇಡ. ಕುಡಿದಿದ್ದರೆ ಆ ರಾತ್ರಿ ಮಾತ್ರೆ ಮುಟ್ಟಬೇಡಿ, ಏನು ಮಾಡಬೇಕು ಅಂತ ನಿಮ್ಮ ಡಾಕ್ಟರಿಗೇ ಫೋನ್ ಮಾಡಿ ಕೇಳಿ. ಡಾಕ್ಟರಿಗೆ ನಿಜ ಹೇಳಿ. ಕುಡಿಯೋದನ್ನ ಮುಚ್ಚಿಟ್ಟು ಮಾತ್ರೆ ಬರೆಸಿಕೊಳ್ಳಬೇಡಿ. ಫ್ರೆಂಡ್ ಹತ್ತಿರ ಮಾತ್ರೆ ಇಸ್ಕೊಳ್ಳಬೇಡಿ. ಅಲ್ಪ್ರಜೋಲಾಮ್, ಜೋಲ್ಪಿಡೆಮ್ ನಮ್ಮ ದೇಶದಲ್ಲಿ ಶೆಡ್ಯೂಲ್ ಎಚ್1ರಲ್ಲಿವೆ. ಚೀಟಿ ಇಲ್ಲದೆ ಕೊಡೋ ಹಾಗಿಲ್ಲ, ಅಂಗಡಿಯವರು ರಿಜಿಸ್ಟರಿನಲ್ಲಿ ಹೆಸರು ಬರೀಬೇಕು. ಸುಮ್ಮನೆ ಅಲ್ಲ ಆ ಕಾನೂನು.

ಈಗ ಬಹಳ ಮುಖ್ಯವಾದ ಮಾತು, ದಯವಿಟ್ಟು ಫೋನ್ ಕೆಳಗಿಡಿ. ಇವತ್ತು ಈ ಪ್ರಸಂಗ ಕೇಳಿ, ಅಭಿಷೇಕದಲ್ಲಿ ತುಂಬಿಕೊಂಡು, ಮನೆಗೆ ಹೋಗಿ ಮಾತ್ರೆಯನ್ನೆಲ್ಲ ಡಸ್ಟ್‌ಬಿನ್‌ಗೆ ಹಾಕಬೇಡಿ. ದಿನಾ ಈ ಮಾತ್ರೆ ತಗೊಳ್ತಿರೋ ಮೆದುಳು ಆ ಬ್ರೇಕಿಗೆ ಒಗ್ಗಿಕೊಂಡಿರುತ್ತೆ. ಒಂದೇ ದಿನ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೆ ಅಪಾಯ ಆಗಬಹುದು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಗುಂಪಿನ ಎಲ್ಲ ಮಾತ್ರೆಗಳ ಮೇಲೂ ಈ ಎಚ್ಚರಿಕೆಯನ್ನ ಹಾಕಿಸಿತು. ವರ್ಷಗಟ್ಟಲೆ ದಿನಾ ಹೆಚ್ಚು ಕುಡಿಯೋರು ಏಕಾಏಕಿ ಬಿಟ್ಟರೂ ಇದೇ ಅಪಾಯ ಇದೆ. ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಯಾವ ಪಾಸ್ಟರ್ ಆಗಲಿ, ನಾನೇ ಆಗಲಿ, ಈವತ್ತೇ ಬಿಟ್ಟುಬಿಡು ಅಂತ ಹೇಳಿದರೆ ಮೊದಲು ಡಾಕ್ಟರನ್ನ ಕೇಳಿ. ನಿಧಾನವಾಗಿ ಬಿಡುಗಡೆ ಕೊಟ್ಟರೂ ಅದು ದೇವರೇ ಕೊಟ್ಟ ಬಿಡುಗಡೆ.

ಮತ್ತು ಪಕ್ಕದ ಮಂಚದಲ್ಲಿ ಇರೋರಿಗೆ. ಸ್ನೇಹಿತ ಕುಡಿದು ಬಂದಿದ್ದಾನೆ, ಮಾತ್ರೆ ತಗೊಂಡಿರಬಹುದು. ಹೆಸರಿಡಿದು ಕೂಗಿ, ಭುಜ ಅಲ್ಲಾಡಿಸಿ. ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಇದ್ದರೆ, ಎರಡು ಉಸಿರಿನ ಮಧ್ಯೆ ಹತ್ತು ಸೆಕೆಂಡ್ ಗ್ಯಾಪ್ ಇದ್ದರೆ, ಗೊರಗೊರ ಶಬ್ದ ಬಂದರೆ, ತುಟಿ ಉಗುರು ನೀಲಿಯಾದರೆ, ಇದರಲ್ಲಿ ಒಂದೇ ಒಂದು ಇದ್ದರೂ ಸಾಕು, 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಬೆನ್ನ ಮೇಲೆ ಮಲಗಿಸಬೇಡಿ. ಒಂದು ಪಕ್ಕಕ್ಕೆ ತಿರುಗಿಸಿ, ಮೇಲಿನ ಮೊಣಕಾಲು ಮಡಚಿ, ತಲೆ ಸ್ವಲ್ಪ ಹಿಂದಕ್ಕೆ, ಬಾಯಿ ಕೆಳಮುಖವಾಗಿ ಇರಲಿ. ಉಸಿರು ಪೂರ್ತಿ ನಿಂತಿದ್ದರೆ ಫೋನಿನಲ್ಲಿ ಅವರು ಹೇಳೋ ಹಾಗೆ ಎದೆ ಒತ್ತೋಕೆ ಶುರುಮಾಡಿ. ಕಾಫಿ ಕುಡಿಸಬೇಡಿ, ಮಜ್ಜಿಗೆ ನಿಂಬೆಹಣ್ಣು ಬೇಡ, ತಣ್ಣೀರು ಸ್ನಾನ ಬೇಡ, ವಾಂತಿ ಮಾಡಿಸಬೇಡಿ. ಕೊನೆಯ ಪೆಗ್ ಆದಮೇಲೂ ಹೊಟ್ಟೆಯಲ್ಲಿರೋ ಮದ್ಯ ರಕ್ತಕ್ಕೆ ಸೇರ್ತಾನೇ ಇರುತ್ತೆ, ಆದ್ದರಿಂದ ಮಲಗುವಾಗ ಚೆನ್ನಾಗಿದ್ದ ಅನ್ನೋದು ಧೈರ್ಯ ಅಲ್ಲ. ಅವನನ್ನ ಒಂಟಿಯಾಗಿ ಬಿಡಬೇಡಿ. ಆಸ್ಪತ್ರೆಗೆ ಹೋಗುವಾಗ ಮಾತ್ರೆ ಸ್ಟ್ರಿಪ್ ಜೊತೆಗೆ ತಗೊಂಡು ಹೋಗಿ.

ಅವನ ಮಾನ ಹೋಗುತ್ತೆ, ಮನೆಯವರಿಗೆ ಗೊತ್ತಾಗುತ್ತೆ, ಸಭೆಯಲ್ಲಿ ಗೊತ್ತಾಗುತ್ತೆ ಅಂತ ಹೆದರಬೇಡಿ. ಮರುದಿನ ಅವನು ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡರೆ ದೇವರಿಗೆ ಸ್ತೋತ್ರ ಹೇಳಿ. ಸಿಟ್ಟು ಮಾಡಿಕೊಳ್ಳೋಕೆ ಅವನು ಇದ್ದಾನಲ್ಲ. ಮತ್ತು ನನಗೆ ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್. ಯಾವ ಹೊತ್ತಿನಲ್ಲಾದರೂ ಸರಿ. ಆದರೆ ಮೊದಲು 108, ಆಮೇಲೆ ಪಾಸ್ಟರ್. ಈ ಕ್ರಮ ತಪ್ಪಬಾರದು.

ನಿದ್ದೆ ಬರದೆ, ಬದುಕೇ ಬೇಡ ಅನ್ನಿಸ್ತಿದ್ದರೆ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ರಾತ್ರಿ ಹಗಲು ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಊರಲ್ಲೇ ನಿಮ್ಹಾನ್ಸ್ ಇದೆ, ಕುಡಿತ ಬಿಡೋರಿಗೂ ಅಲ್ಲಿ ವಿಭಾಗ ಇದೆ. ಒಬ್ಬರೇ ಹೋಗೋಕೆ ಸಂಕೋಚ ಆದರೆ ನನ್ನನ್ನ ಕರೀರಿ. ಒಪಿಡಿ ಸಾಲಿನಲ್ಲಿ ನಿಮ್ಮ ಜೊತೆ ನಿಲ್ತೀನಿ.

ತ್ರೋವದ ಆ ಕೋಣೆ ನೆನಪಿದೆಯಾ? ಅಪೊಸ್ತಲನೂ ಇದ್ದ, ವೈದ್ಯನೂ ಇದ್ದ. ನಮ್ಮ ಸಭೆ ಹಾಗಿರಬೇಕು ಅಂತ ನನ್ನ ಆಸೆ. ಮಾತ್ರೆ ಸ್ಟ್ರಿಪ್ಪನ್ನ ಸತ್ಯವೇದದ ಕವರಿನಲ್ಲಿ ಬಚ್ಚಿಡೋ ಅವಶ್ಯಕತೆ ಯಾರಿಗೂ ಇರಬಾರದು. ಯಾಕೋಬ 5:16ರಲ್ಲಿ ಒಬ್ಬರಿಗೊಬ್ಬರು ಅರಿಕೆ ಮಾಡಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಅಂತ ಇದೆ. ನಾನು ಇವತ್ತು ಮೊದಲು ಮಾಡಿದ್ದೀನಿ. ಈಗ ನಿಮ್ಮ ಸರದಿ. ವೇದಿಕೆ ಮುಂದೆ ಬರಬೇಕು ಅಂತಿಲ್ಲ, ಕೈ ಎತ್ತಬೇಕು ಅಂತಿಲ್ಲ. ಸಭೆ ಮುಗಿದ ಮೇಲೆ ನಾನು, ನರ್ಸ್ ಅಕ್ಕ ಇಬ್ಬರೂ ಹಿಂದಿನ ಕೋಣೆಯಲ್ಲಿ ಇರ್ತೀವಿ. ಸುಮ್ಮನೆ ಬಂದು ಕೂತ್ಕೊಳ್ಳಿ.

ತಲೆಬಾಗಿಸಿ ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ನೀನು ತೂಕಡಿಸದ ದೇವರು, ನಾವು ನಿದ್ದೆಗೆ ಬೀಳುವವರು. ಈ ರಾತ್ರಿ ನಿದ್ದೆಗೋಸ್ಕರ ಒದ್ದಾಡೋ ಪ್ರತಿಯೊಬ್ಬ ಮಗ, ಪ್ರತಿಯೊಬ್ಬ ಮಗಳನ್ನ ನಿನ್ನ ಕೈಗೆ ಒಪ್ಪಿಸ್ತೀವಿ. ಕುಡಿತದಲ್ಲಿ ಸಿಕ್ಕಿಕೊಂಡವರಿಗೆ ಬಿಡುಗಡೆ ಕೊಡು. ಬಚ್ಚಿಟ್ಟಿರೋರಿಗೆ ಬಾಯಿ ತೆರೆಯೋ ಧೈರ್ಯ ಕೊಡು. ನಮಗೆ ಕೇಳಿಸಿಕೊಳ್ಳೋ ಕಿವಿ ಕೊಡು, ಇಳಿದು ಹೋಗೋ ಕಾಲು ಕೊಡು. ವೈದ್ಯರ ಕೈಗಳನ್ನ ಆಶೀರ್ವದಿಸು. ಅವತ್ತು ಆ ಮಂಚದ ಪಕ್ಕ ಎದ್ದು ಕೂತ ತಮ್ಮನಿಗೋಸ್ಕರ ನಿನಗೆ ಸ್ತೋತ್ರ. ನನ್ನ ತಮ್ಮನನ್ನ ನಮಗೆ ಜೀವಂತವಾಗಿ ಹಿಂದಕ್ಕೆ ಕೊಟ್ಟದ್ದಕ್ಕೆ ಸ್ತೋತ್ರ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ತಂದೆಯೇ, ಆಮೆನ್.

ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಹಿಂದಿನ ಕೋಣೆಯ ಬಾಗಿಲು ತೆರೆದಿದೆ.